ಬೇಕಲಕ್ಕೊಂದು ಪ್ರದಕ್ಷಿಣೆ: ಕಡಲತಡಿಯ ಸುಲಭ ಸುತ್ತುನಡಿಗೆಗೆ ಸಮಗ್ರ ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಪಳ್ಳಿಕ್ಕೆರೆಯ ಮರಳಿನ ಮೇಲೆ ಉತ್ತರಕ್ಕೆ ನಡೆದು, ಬೇಕಲ ಕೋಟೆಯ ಗೋಡೆಯ ಮೇಲೆ ಒಂದು ಸುತ್ತು ಬಂದು, ಊರಿನ ದಾರಿಯಲ್ಲಿ ಹೊರಟಲ್ಲಿಗೇ ಮರಳುವ ಈ ನಡಿಗೆಯು ಒಟ್ಟು ನಾಲ್ಕೈದು ಕಿಲೋಮೀಟರಿನದು. ಎಲ್ಲಿಯೂ ಕಠಿಣವಾದ ಏರಿಲ್ಲ. ನಿಧಾನವಾಗಿ, ಕೂತು ಎದ್ದು ನಡೆದರೂ ಮೂರು ಗಂಟೆಯಲ್ಲಿ ಮುಗಿಯುತ್ತದೆ. ದಿನವೂ ಅಂಗಳದಲ್ಲಿ ಓಡಾಡುವ ಅಭ್ಯಾಸವುಳ್ಳ ಹಿರಿಯರೂ ಏಳೆಂಟು ವರ್ಷದ ಮಕ್ಕಳೂ ಇದನ್ನು ನಡೆಯಬಲ್ಲರು. ಆದರೆ ಈ ಸುಲಭತನವೆಲ್ಲ ಹೊರಡುವ ಹೊತ್ತನ್ನು ಅವಲಂಬಿಸಿದೆ. ಬಸ್ಸಿನ ವೇಳೆಯನ್ನೋ ರಜೆಯ ದಿನವನ್ನೋ ಮೊದಲು ಗೊತ್ತುಮಾಡಿಕೊಂಡು ಹೊರಟವರಿಗೆ ಇದೇ ದಾರಿ ದಣಿವಿನ ದಾರಿಯಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ದಾರಿಗಿಂತ ಮೊದಲು ಕಡಲಿನ ಲೆಕ್ಕ ಬರುತ್ತದೆ.

ಋತುವಿನ ಆಯ್ಕೆ

ತುಳುನಾಡಿನಲ್ಲಿ ದೀಪಾವಳಿಯಿಂದ ಪತ್ತನಾಜೆಯವರೆಗೆ ಯಕ್ಷಗಾನದ ಆಟ, ದೈವಗಳ ಕೋಲ, ಜಾತ್ರೆಗಳ ಕಾಲ. ತುಳುವರ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ 24ರ ಸುಮಾರಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಕಡಲತಡಿಯ ನಡಿಗೆಗೂ ಇದೇ ಗಡುವನ್ನು ಇಟ್ಟುಕೊಳ್ಳುವುದು ಕ್ಷೇಮ. ಮಳೆಗಾಲದ ಅಲೆಗಳು ದಡದ ಮರಳನ್ನು ಕಡಲೊಳಕ್ಕೆ ಎಳೆದೊಯ್ಯುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಳದಡವು ಕಿರಿದಾಗಿ, ಕಡಿದಾಗಿ ಇಳಿಜಾರಾಗಿರುತ್ತದೆ. ಮಳೆ ಹಿಂದೆ ಸರಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ತಂದು ಹಾಕಿ, ಡಿಸೆಂಬರ್ ಹೊತ್ತಿಗೆ ದಡವನ್ನು ಅಗಲವಾಗಿ, ಸಮತಟ್ಟಾಗಿ ಮಾಡುತ್ತವೆ. ಡಿಸೆಂಬರ್, ಜನವರಿ, ಫೆಬ್ರವರಿ ಈ ಮೂರು ತಿಂಗಳು ಎಲ್ಲಕ್ಕಿಂತ ಉತ್ತಮ. ಮಾರ್ಚ್ ಕಳೆದ ಮೇಲೆ ಸೆಕೆ ಏರುವುದರಿಂದ ಒಂಬತ್ತು ಗಂಟೆಯೊಳಗೆ ಬಯಲಿನ ಭಾಗವೆಲ್ಲ ಮುಗಿಯುವಂತೆ ನೋಡಿಕೊಳ್ಳಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇಲ್ಲಿ ಗಾಳಿಯಿಲ್ಲದೆ, ಮೋಡವಿಲ್ಲದೆ, ಆಕಾಶ ತಿಳಿಯಾಗಿರುವಾಗಲೇ ದೊಡ್ಡ ಅಲೆಗಳು ಒಮ್ಮೆಲೇ ದಡದ ಮೇಲಕ್ಕೆ ನುಗ್ಗಿ ಬರುವುದುಂಟು. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ ಹುಟ್ಟಿದ ಅಲೆಗಳು ಹಲವು ದಿನ ಪಯಣಿಸಿ ಈ ತೀರವನ್ನು ಮುಟ್ಟುವುದರಿಂದ ಹೀಗಾಗುತ್ತದೆ. ಸುಳಿವು ಕೊಡದೆ ಬರುವ ಇದನ್ನು ಮಲಯಾಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕನ್ನಡದ ಕಿವಿಗೂ ಅರ್ಥ ಹೇಳಬೇಕಾಗಿಲ್ಲ. 2012ರಲ್ಲಿ ಯುನೆಸ್ಕೋ ಈ ಹೆಸರನ್ನೇ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಇಂತಹ ಅಲೆಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಕಾಸರಗೋಡು ಕರಾವಳಿಗೆ ಎಚ್ಚರಿಕೆ ಇರುವ ದಿನ ಮರಳಿನ ಭಾಗವನ್ನು ಬಿಟ್ಟು ಕೋಟೆಯನ್ನು ಮಾತ್ರ ನೋಡಿ ಬರುವುದೇ ಸರಿ.

ತಿಥಿಯೂ ಇಳಿತವೂ

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ದಿನದಿಂದ ದಿನಕ್ಕೆ ಈ ವೇಳೆಯು ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಇಳಿತವು ಸಾಮಾನ್ಯವಾಗಿ ನಸುಕಿಗೆ ಹತ್ತಿರವೂ ಉಬ್ಬರವು ನಡುಹಗಲಿಗೆ ಹತ್ತಿರವೂ ಬೀಳುತ್ತದೆ. ಹೀಗಾಗಿ ಅವು ಕಳೆದು ಎರಡರಿಂದ ನಾಲ್ಕು ದಿನಕ್ಕೆ, ಅಂದರೆ ಬಿದಿಗೆ, ತದಿಗೆ, ಚೌತಿಯ ಹೊತ್ತಿಗೆ, ಇಳಿತವು ನಡಿಗೆಗೆ ತಕ್ಕುದಾಗಿ ಸೂರ್ಯೋದಯದ ಆಸುಪಾಸಿಗೆ ಸರಿದುಬರುತ್ತದೆ. ಮನೆಯ ಗೋಡೆಯಲ್ಲಿ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರನ್ನು ನೋಡಿ ಮೊದಲು ನಾಲ್ಕಾರು ದಿನಗಳನ್ನು ಗುರುತಿಸಿಕೊಳ್ಳಿ. ಆಮೇಲೆ ಮಂಗಳೂರು ಬಂದರಿನ ಉಬ್ಬರ-ಇಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ತೆರೆದು, ಬೆಳಿಗ್ಗೆ ಆರೂವರೆಗೂ ಎಂಟಕ್ಕೂ ನಡುವೆ ಇಳಿತ ಬೀಳುವ ದಿನವನ್ನು ಆರಿಸಿಕೊಳ್ಳಿ. ಮಂಗಳೂರಿಗೂ ಬೇಕಲಕ್ಕೂ ಸುಮಾರು 65 ಕಿಲೋಮೀಟರ್ ಅಂತರವಿದ್ದರೂ ನಡಿಗೆಯ ಮಟ್ಟಿಗೆ ಆ ಪಟ್ಟಿ ಸಾಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಳಿತದ ವೇಳೆ ನೀರು ಬಿಟ್ಟುಹೋದ ಒದ್ದೆ ಮರಳು ಹೊಸದಾಗಿ ಪೆಟ್ಟು ಹಾಕಿದ ಅಂಗಳದಷ್ಟು ಗಟ್ಟಿಯಾಗಿರುತ್ತದೆ. ಉಬ್ಬರದಲ್ಲಿ ಆ ಪಟ್ಟಿ ಮುಳುಗಿಹೋಗಿ, ಮೇಲಿನ ಒಣ ಮರಳಿನಲ್ಲಿ ಕಾಲು ಹೂತು ಹೂತು ನಡೆಯಬೇಕಾಗುತ್ತದೆ. ಒಮ್ಮೆ ಹುಣ್ಣಿಮೆಯ ದಿನ, ಮನೆಯಿಂದ ತಡವಾಗಿ ಹೊರಟು, ಹತ್ತು ಗಂಟೆಯ ಸುಮಾರಿಗೆ ಅಮ್ಮನೊಡನೆ ಈ ದಡಕ್ಕೆ ಇಳಿದಿದ್ದೆ. ಗಟ್ಟಿ ಮರಳೆಂಬುದೇ ಉಳಿದಿರಲಿಲ್ಲ. ಮೊಣಕಾಲು ನೋವಿದ್ದ ಅಮ್ಮ ಅರ್ಧ ದಾರಿಯಲ್ಲಿ ಗಾಳಿಮರದ ಬುಡದಲ್ಲಿ ಕುಳಿತವರು, ಕೋಟೆ ಕಣ್ಣೆದುರೇ ಇದ್ದರೂ, ಹಿಂದಕ್ಕೆ ಹೋಗೋಣ ಎಂದರು. ಮುಂದಿನ ತಿಂಗಳು ತದಿಗೆಯ ಬೆಳಿಗ್ಗೆ ಅದೇ ದಾರಿಯನ್ನು ಅವರು ಒಂದೇ ಉಸಿರಿನಲ್ಲಿ ನಡೆದರು. ಹಿರಿಯರನ್ನು ಕರೆದೊಯ್ಯುವವರು ಈ ಒಂದು ಲೆಕ್ಕವನ್ನು ತಪ್ಪಿಸಬಾರದು.

ಬೆಳಗೇ ಏಕೆ, ಸಂಜೆ ಏಕಲ್ಲ ಎಂದು ಕೇಳುವವರಿರಬಹುದು. ಸೂರ್ಯಾಸ್ತಕ್ಕೆ ಬೇಕಲ ಹೆಸರಾದದ್ದು ನಿಜ. ಆದರೆ ಪಡುವಣ ಕಡಲಿನ ದಡದಲ್ಲಿ ಬೆಳಗಿನ ಬಿಸಿಲು ತೆಂಗಿನ ತೋಟಗಳ ಹಿಂದಿನಿಂದ ಏಳುವುದರಿಂದ ಮರಳಿನ ಮೇಲೆ ಬಹಳ ಹೊತ್ತು ನೆರಳು ಉಳಿಯುತ್ತದೆ. ಮಧ್ಯಾಹ್ನದ ನಂತರ ಅದೇ ಬಿಸಿಲು ಎದುರಿನಿಂದ ಬಂದು, ನೀರಿನಲ್ಲಿ ಹೊಳೆದು, ಕಣ್ಣಿಗೆ ಹೊಡೆಯುತ್ತದೆ. ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ತಣ್ಣನೆಯ ಗಾಳಿ ಮೆದುವಾಗಿರುತ್ತದೆ. ನೆಲ ಕಾದ ಮೇಲೆ ಕಡಲಿನಿಂದ ಬೀಸುವ ಗಾಳಿ ಅಲೆಗಳನ್ನು ಎಬ್ಬಿಸಿ ಮರಳು ಹಾರಿಸುತ್ತದೆ. ಸಂಜೆಯ ಜನಜಂಗುಳಿಯೂ ಬೆಳಿಗ್ಗೆ ಇರುವುದಿಲ್ಲ.

ಬೇಕಲವನ್ನು ತಲುಪುವ ಬಗೆ

ಬೇಕಲವು ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್, ಕಾಞಂಗಾಡಿನಿಂದ ಉತ್ತರಕ್ಕೆ ಸುಮಾರು 12 ಕಿಲೋಮೀಟರ್. ಕಾಸರಗೋಡಿನಿಂದ ಕಾಞಂಗಾಡಿಗೆ ಬಸ್ಸುಗಳು ಎರಡು ದಾರಿಗಳಲ್ಲಿ ಹೋಗುತ್ತವೆ ಎಂಬುದನ್ನು ಹೊಸಬರು ನೆನಪಿಡಬೇಕು. ಚೆರ್ಕಳ, ಪೊಯಿನಾಚಿಯ ಮೂಲಕ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗುವ ಬಸ್ಸು ಬೇಕಲವನ್ನು ಮುಟ್ಟುವುದಿಲ್ಲ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ಮಾರ್ಗವಾಗಿ ಹೋಗುವ ಬಸ್ಸನ್ನೇ ಹತ್ತಬೇಕು, ಹತ್ತುವಾಗ ನಿರ್ವಾಹಕರನ್ನು “ಚಂದ್ರಗಿರಿ ದಾರಿಯಾ?” ಎಂದು ಕೇಳಿದರೆ ಸಾಕು. ರೈಲಿನಲ್ಲಿ ಬರುವವರಿಗೆ ಪಳ್ಳಿಕ್ಕೆರೆಯಲ್ಲಿ ‘ಬೇಕಲ ಕೋಟೆ’ ಎಂಬ ಹೆಸರಿನ ನಿಲ್ದಾಣವೇ ಇದೆ. ಅಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲವಾದ್ದರಿಂದ ನಿಲುಗಡೆಯನ್ನು ಹಿಂದಿನ ದಿನವೇ ಖಚಿತಪಡಿಸಿಕೊಳ್ಳಬೇಕು. ಸ್ವಂತ ವಾಹನದವರು ಅದನ್ನು ಪಳ್ಳಿಕ್ಕೆರೆಯಲ್ಲಿ ಬಿಡುವುದು ಮೇಲು. ಸುತ್ತು ಅಲ್ಲಿಂದಲೇ ಆರಂಭವಾಗಿ ಅಲ್ಲಿಗೇ ಮುಗಿಯುತ್ತದೆ.

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಬರುವ ಕನ್ನಡಿಗರಿಗೆ ಮಾತಿನ ಬಗ್ಗೆ ಒಂದು ಸೂಚನೆ. ಚಂದ್ರಗಿರಿ ಹೊಳೆ ದಾಟಿದರೆ ಕನ್ನಡ, ತುಳು ಮಾತುಗಳು ವಿರಳವಾಗಿ ಮಲಯಾಳವೇ ಮುಖ್ಯವಾಗುತ್ತದೆ. ಆದರೂ ಕಡಲ್, ಕೋಟ್ಟ, ವಳಿ ಎಂಬ ಮೂರು ಪದಗಳಿಂದ ಕಡಲು, ಕೋಟೆ, ದಾರಿ ಈ ಮೂರನ್ನೂ ವಿಚಾರಿಸಬಹುದು. ವಯಸ್ಸಾದವರನ್ನು ‘ಚೇಟ್ಟಾ’, ‘ಚೇಚಿ’ ಎಂದು ಕರೆದು ಕೇಳಿದರೆ ಎರಡು ಹೆಜ್ಜೆ ಜೊತೆಗೆ ಬಂದು ತೋರಿಸುವವರೇ ಹೆಚ್ಚು.

ಒಯ್ಯಬೇಕಾದವು

ಹೆಗಲಿಗೆ ಹಾಕುವ ಸಣ್ಣ ಚೀಲವೊಂದು ಸಾಕು. ತಲೆಗೊಂದು ಲೀಟರಿನಷ್ಟು ನೀರು, ಒಂದು ಬೈರಾಸು (ಟವೆಲ್ಲು), ಬಾಳೆಹಣ್ಣು ಅಥವಾ ಬೆಲ್ಲ ಕಲಸಿದ ಅವಲಕ್ಕಿ, ಟಿಕೆಟಿಗೆ ಚಿಲ್ಲರೆ, ಒದ್ದೆಯಾದರೆ ಬದಲಾಯಿಸಲು ಮಕ್ಕಳಿಗೊಂದು ಜೊತೆ ಬಟ್ಟೆ ಇರಲಿ. ತಲೆಗೆ ಟೋಪಿ ಬೇಕೇ ಬೇಕು. ಅಡಿಕೆ ಹಾಳೆಯ ಮುಟ್ಟಾಳೆ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಅದು ಹಗುರವಾಗಿಯೂ ತಂಪಾಗಿಯೂ ಇರುತ್ತದೆ. ಮರಳಿನಲ್ಲಿ ಬರಿಗಾಲು, ಕೋಟೆಯಲ್ಲೂ ರಸ್ತೆಯಲ್ಲೂ ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ, ಇದು ನನ್ನ ಅನುಭವದಲ್ಲಿ ಒಗ್ಗಿದ ಕ್ರಮ. ಹವಾಯಿ ಚಪ್ಪಲಿಯು ಕೋಟೆಯ ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ಜಾರುವುದರಿಂದ ಬೇಡ. ಮಧುಮೇಹವಿದ್ದು ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುವವರು ಮರಳಿನಲ್ಲೂ ಬರಿಗಾಲಲ್ಲಿ ನಡೆಯಕೂಡದು. ಚಿಪ್ಪು, ಗಾಜಿನ ಚೂರು, ಮೀನಿನ ಗಾಳ ಚುಚ್ಚಿದರೂ ಅವರಿಗೆ ತಿಳಿಯುವುದಿಲ್ಲ.

ಮೊದಲ ಹಂತ: ಪಳ್ಳಿಕ್ಕೆರೆಯಿಂದ ಕೋಟೆಯ ಬುಡಕ್ಕೆ

ಬೆಳಿಗ್ಗೆ ಆರೂಮುಕ್ಕಾಲಕ್ಕೆ ಪಳ್ಳಿಕ್ಕೆರೆಯ ದಡ ಮುಟ್ಟುವಂತೆ ಹೊರಡಿ. ರೈಲಿಳಿದವರೂ ಬಸ್ಸಿಳಿದವರೂ ಪಡುವಣಕ್ಕೆ ನಡೆದರೆ ಸಾಕು, ದಾರಿ ದಡಕ್ಕೇ ಮುಟ್ಟುತ್ತದೆ. ಹಳಿ ದಾಟಬೇಕಾದಲ್ಲಿ ಗೇಟು ಅಥವಾ ಸೇತುವೆ ಇರುವಲ್ಲಿಯೇ ದಾಟಬೇಕು. ಹಳಿಯ ಬದಿಯಲ್ಲೇ ನಡೆದರೆ ದಾರಿ ಹತ್ತಿರವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಗಾಳಿಯೂ ಅಲೆಯ ಸದ್ದೂ ಸೇರಿದಾಗ ಹಿಂದಿನಿಂದ ಬರುವ ರೈಲಿನ ಸದ್ದು ಕೇಳಿಸದೆ ಹೋಗಬಹುದು.

ದಡದಲ್ಲಿ ನಿಂತು ಬಲಕ್ಕೆ ತಿರುಗಿದರೆ ಕೋಟೆಯು ಕಡಲಿಗೆ ಚಾಚಿಕೊಂಡಂತೆ ಎದುರಿಗೇ ಕಾಣುತ್ತದೆ. ಇನ್ನು ದಾರಿ ಕೇಳುವ ಅಗತ್ಯವಿಲ್ಲ. ಕಡಲು ಎಡಕ್ಕೆ, ತೆಂಗು ಬಲಕ್ಕೆ ಇರುವಂತೆ ಉತ್ತರಕ್ಕೆ ಸಾಗಿದರೆ ಇಡೀ ಸುತ್ತು ಪ್ರದಕ್ಷಿಣೆಯಾಗಿಯೇ ಬರುತ್ತದೆ. ಒದ್ದೆ ಮರಳಿನ ಪಟ್ಟಿಯು ಕಡಲ ಕಡೆಗೆ ಸ್ವಲ್ಪ ವಾಲಿಕೊಂಡಿರುವುದರಿಂದ ಎಡಗಾಲು ತಗ್ಗಿನಲ್ಲೂ ಬಲಗಾಲು ಎತ್ತರದಲ್ಲೂ ಬೀಳುತ್ತದೆ. ಇದರಿಂದ ಸೊಂಟ, ಮೊಣಕಾಲು ನೋಯಬಹುದು. ಅಲೆಯ ನಾಲಗೆ ಕೊನೆಯದಾಗಿ ಮುಟ್ಟಿ ಹಿಂದೆ ಸರಿದ ಗೆರೆಯ ಬಳಿ ನೆಲ ಹೆಚ್ಚು ಸಮವಾಗಿರುವ ಕಡೆ ಹುಡುಕಿ ನಡೆಯಿರಿ, ಹೆಜ್ಜೆಗಳನ್ನು ಚಿಕ್ಕದಾಗಿಡಿ.

ನಡೆಯುವಾಗ ನೋಡಲು ಬಹಳವಿದೆ. ಮರಳಿನಲ್ಲಿ ಬಿಲ ತೋಡಿ, ಚಿಕ್ಕ ಚಿಕ್ಕ ಉಂಡೆಗಳನ್ನು ಹೊರಗೆ ಚೆಲ್ಲಿರುವ ಏಡಿಗಳು ನೆರಳು ಬಿದ್ದೊಡನೆ ಒಳಗೆ ಮಾಯವಾಗುತ್ತವೆ; ಮಕ್ಕಳನ್ನು ಹತ್ತು ಹೆಜ್ಜೆ ದೂರದಲ್ಲಿ ಅಲುಗಾಡದೆ ಕುಳ್ಳಿರಿಸಿದರೆ ಎರಡು ನಿಮಿಷದಲ್ಲಿ ಮತ್ತೆ ಹೊರಬರುತ್ತವೆ. ಮೇಲಿನ ಒಣ ಮರಳಿನಲ್ಲಿ ಆಡಿನ ಗೊರಸಿನ ಆಕಾರದ ಎಲೆ, ನೇರಳೆ ಹೂವಿರುವ ಬಳ್ಳಿ ಕಂಡಲ್ಲಿ ಅದನ್ನು ತುಳಿಯದೆ ದಾಟಿ. ಮರಳನ್ನು ಹಿಡಿದು ನಿಲ್ಲಿಸುವುದು ಆ ಬಳ್ಳಿಯೇ. ಮೀನುಗಾರರು ದಡದಿಂದ ಬಲೆ ಎಳೆಯುತ್ತಿದ್ದರೆ ಹಗ್ಗವನ್ನು ದಾಟಲು ಹೋಗಬೇಡಿ; ಬಿಗಿಯಾದ ಹಗ್ಗ ಒಮ್ಮೆಲೇ ಎದ್ದು ಕಾಲಿಗೆ ತಾಗುತ್ತದೆ. ಅವರ ಹಿಂದಿನಿಂದ, ಮೇಲಿನ ಮರಳಿನಲ್ಲಿ ಸುತ್ತಿ ಬನ್ನಿ. ಸ್ವಲ್ಪ ಹೊತ್ತು ನಿಂತರೆ ಗರುಡಗಳು ಬಲೆಯ ಮೇಲೆ ಸುತ್ತುತ್ತ ಮೀನಿಗಾಗಿ ಎರಗುವುದನ್ನು ಹತ್ತಿರದಿಂದ ಕಾಣಬಹುದು. ಚಳಿಗಾಲದಲ್ಲಿ ಈ ಜಿಲ್ಲೆಯ ದಡಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದುಂಟು. ಮರಳಿನಲ್ಲಿ ಅಗಲವಾದ, ಎರಡು ಬದಿಯಲ್ಲೂ ತುಳಿದಂತಿರುವ ಜಾಡು ಕಂಡರೆ ಅದನ್ನು ಕೆದಕಬಾರದು. ಕಡಲಾಮೆಯೂ ಅದರ ಮೊಟ್ಟೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ನೀರಿಗಿಳಿಯುವ ವಿಚಾರದಲ್ಲಿ ಕಣಕಾಲು ಮುಳುಗುವಷ್ಟಕ್ಕೆ ನಿಲ್ಲಿಸಿ. ಅಲೆಗಳು ಒಂದೇ ಸಮನೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತವಾಗಿ, ಬಣ್ಣ ಕದಡಿದಂತೆ ಕಂಡರೆ ಅದು ಆಟಕ್ಕೆ ಒಳ್ಳೆಯ ಜಾಗವೆಂದು ತಿಳಿಯುವವರಿದ್ದಾರೆ. ದಡಕ್ಕೆ ಬಂದ ನೀರು ಕಡಲಿಗೆ ಹಿಂದಿರುಗುವ ಸೆಳೆತದ ದಾರಿ ಅದೇ. ಅಕಸ್ಮಾತ್ ಸಿಕ್ಕಿಬಿದ್ದವರು ದಡದತ್ತ ಎದುರೀಜಲು ಹೋಗಿ ಸುಸ್ತಾಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದತ್ತ ತಿರುಗಬೇಕು.

ಕೋಟೆಯ ತೆಂಕಣ ಗೋಡೆ ಹತ್ತಿರವಾದಂತೆ ಮರಳು ಮುಗಿದು ಬಂಡೆಗಳು ಮೊದಲಾಗುತ್ತವೆ. ಪಾಚಿ ಕಟ್ಟಿದ ಬಂಡೆಗಳನ್ನು ಹತ್ತಿ ಕಡಲ ಕಡೆಯಿಂದ ಕೋಟೆಯೊಳಗೆ ನುಗ್ಗುವ ಸಾಹಸ ಬೇಡ. ಪ್ರವೇಶವಿರುವುದು ನೆಲದ ಕಡೆಯ, ಅಂದರೆ ಪೂರ್ವದ ಹೆಬ್ಬಾಗಿಲಿನಿಂದ ಮಾತ್ರ. ಗೋಡೆ ತಲುಪುವ ಮೊದಲೇ ಬಲಕ್ಕೆ ತಿರುಗಿ, ಜನ ನಡೆದು ಸವೆದ ದಾರಿಯಲ್ಲಿ ಊರೊಳಗೆ ಬನ್ನಿ. ಯಾರದಾದರೂ ಹಿತ್ತಲಿನ ಮೂಲಕ ಹೋಗಬೇಕಾಗಿ ಬಂದರೆ ಮೊದಲು ಕೇಳಿ, ಆಮೇಲೆ ಕಾಲಿಡಿ. ಇಲ್ಲಿ ಕಾಲು ತೊಳೆದು, ಬೈರಾಸಿನಲ್ಲಿ ಒರಸಿ, ಬೆರಳುಗಳ ನಡುವಿನ ಮರಳು ಹೋದ ಮೇಲೆಯೇ ಚಪ್ಪಲಿ ಹಾಕಿಕೊಳ್ಳುವುದು ಬೊಬ್ಬೆ ಏಳದಿರಲು ಉಪಾಯ.

ಎರಡನೆಯ ಹಂತ: ಕೋಟೆಯ ಗೋಡೆಯ ಮೇಲೊಂದು ಸುತ್ತು

ಕೋಟೆಯು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಎಂಟು ಗಂಟೆಯ ಸುಮಾರಿಗೆ ಟಿಕೆಟಿನ ಕಿಂಡಿ ತೆರೆಯುತ್ತದೆ. ಹದಿನೈದು ವರ್ಷಕ್ಕಿಂತ ಕಿರಿಯರಿಗೆ ಶುಲ್ಕವಿಲ್ಲ. ಬಾಗಿಲ ಬಳಿಯಲ್ಲೇ ಮುಖ್ಯಪ್ರಾಣ ದೇವರ ಗುಡಿ ಇದೆ. ಕೋಟೆಯ ಬಾಗಿಲನ್ನು ಹನುಮಂತನ ಕಾವಲಿಗೆ ಒಪ್ಪಿಸುವುದು ಕನ್ನಡನಾಡಿನ ಕೋಟೆಗಳನ್ನು ಕಂಡವರಿಗೆ ಪರಿಚಿತವಾದ ಪದ್ಧತಿ. ಸುಮಾರು 40 ಎಕರೆಯ ಈ ಕೋಟೆಯನ್ನು 17ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕನೆಂದು ಹೇಳಲಾಗುತ್ತದೆ. ಚಂದ್ರಗಿರಿಯ ಕೋಟೆಯೂ ಕಾಞಂಗಾಡಿನ ಹೊಸದುರ್ಗವೂ ಕೆಳದಿಯವರ ಇದೇ ಸಾಲಿಗೆ ಸೇರಿದವು. ಹೊಸದುರ್ಗವೆಂಬ ಅಚ್ಚಗನ್ನಡದ ‘ಹೊಸ’ ಇಂದಿಗೂ ಆ ತಾಲೂಕಿನ ಹೆಸರಿನಲ್ಲಿ ಉಳಿದಿದೆ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿಯಾದ ಬಿದನೂರನ್ನು ಗೆದ್ದ ಮೇಲೆ ಕೋಟೆ ಮೈಸೂರಿನ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಇಂಗ್ಲಿಷರದಾಯಿತು. ಆಮೇಲೆ ಬೇಕಲವು ಕೆಲವು ಕಾಲ ದಕ್ಷಿಣ ಕನ್ನಡದ ಒಂದು ತಾಲೂಕಿನ ಕೇಂದ್ರವೂ ಆಗಿತ್ತು.

ಒಳಗೆ ಬಂದವರೆಲ್ಲ ನೇರವಾಗಿ ನಡುವಿನ ವೀಕ್ಷಣಾ ಗೋಪುರಕ್ಕೆ ಹೋಗುತ್ತಾರೆ. ನೀವು ಮೊದಲು ಎಡಕ್ಕೆ, ತೆಂಕಣ ಗೋಡೆಯತ್ತ ಸಾಗಿ. ತೆಂಕಣ, ಪಡುವಣ, ಬಡಗಣ ಹೀಗೆ ಗೋಡೆಯ ಗುಂಟ ಬಂದರೆ ಇಲ್ಲಿಯೂ ಪ್ರದಕ್ಷಿಣೆಯ ಕ್ರಮವೇ ಉಳಿಯುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ನೀವು ನಡೆದು ಬಂದ ಇಡೀ ಮರಳದಡ ತೆಂಕಣ ಕೊತ್ತಲಿನಿಂದ ಕಾಣುತ್ತದೆ. ಇಳಿತವಿನ್ನೂ ಮುಗಿಯದಿದ್ದರೆ ನಿಮ್ಮದೇ ಹೆಜ್ಜೆಯ ಸಾಲೂ ಕಾಣಬಹುದು. ಗೋಡೆಯಲ್ಲಿ ಕೊರೆದ ಕಿಂಡಿಗಳಿಗೆ ಕಣ್ಣಿಟ್ಟು ನೋಡಿ. ಮೇಲಿನ ಕಿಂಡಿ ದೂರದ ನೀರನ್ನೂ, ಅದರ ಕೆಳಗಿನದು ಹತ್ತಿರದ ಜಾಗವನ್ನೂ, ಇನ್ನೂ ಕೆಳಗಿನದು ಗೋಡೆಯ ಬುಡವನ್ನೂ ತೋರಿಸುತ್ತದೆ. ಶತ್ರು ದೂರದಿಂದ ಹತ್ತಿರಕ್ಕೆ ಬಂದಂತೆ ಬಂದೂಕಿನ ಗುರಿಯೂ ಕಿಂಡಿಯಿಂದ ಕಿಂಡಿಗೆ ಇಳಿಯಬೇಕೆಂಬ ಲೆಕ್ಕ ಅದು. ಮಕ್ಕಳಿಗೆ ಇದನ್ನು ಮಾತಿನಲ್ಲಿ ಹೇಳದೆ, ಮೂರು ಕಿಂಡಿಗಳಿಗೂ ಕಣ್ಣಿಡಿಸಿ ಅವರಿಂದಲೇ ಕಾರಣ ಹೇಳಿಸುವುದು ನನಗೆ ಇಷ್ಟವಾದ ಕ್ರಮ.

ಗೋಡೆಯ ಕಲ್ಲು ನಮ್ಮ ಮನೆಗಳ ಪಾಗಾರದ ಅದೇ ಮುರಕಲ್ಲು. ಅಗೆಯುವಾಗ ಕೊಡಲಿಗೆ ಸಿಗುವಷ್ಟು ಮೆದುವಾಗಿದ್ದು, ಗಾಳಿಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಗುಣ ಅದಕ್ಕಿದೆ. ಮಲಪ್ಪುರದ ಅಂಗಾಡಿಪ್ಪುರದಲ್ಲಿ ಇಂಥ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ 1807ರಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟನು. ಈ ಕಲ್ಲಿನ ಮೇಲ್ಮೈ ತೂತು ತೂತಾಗಿ ಒರಟಾಗಿರುವುದರಿಂದ ಒಣಗಿದ್ದಾಗ ಹಿಡಿತ ಚೆನ್ನಾಗಿರುತ್ತದೆ. ಇಬ್ಬನಿಯಲ್ಲಿ ನೆನೆದು ಪಾಚಿ ಹಿಡಿದಿದ್ದರೆ ಅಷ್ಟೇ ಜಾರುತ್ತದೆ. ಗೋಡೆಯ ಹಲವೆಡೆ ಕೈತಾಂಗು ಇಲ್ಲ. ಮಕ್ಕಳ ಕೈಬಿಡಬೇಡಿ, ಹೆಜ್ಜೆ ಹಿಂದಕ್ಕಿಡುತ್ತ ಚಿತ್ರ ತೆಗೆಯಬೇಡಿ. ಮೊಣಕಾಲಿನ ತೊಂದರೆಯಿರುವವರು ಗೋಡೆ ಹತ್ತದೆ ಕೆಳಗಿನ ಕಾಲುದಾರಿಯಲ್ಲೇ ಅಷ್ಟೂ ಸುತ್ತು ಬರಬಹುದು.

ಪಡುವಣ ಅಂಚಿನಲ್ಲಿ ಕುಳಿತು ಅವಲಕ್ಕಿ ಬಿಚ್ಚಿ. ತಿಂದ ಎಲೆ, ಕಾಗದವನ್ನು ಚೀಲಕ್ಕೇ ಹಾಕಿಕೊಳ್ಳಿ. ಬಡಗಣ ಗೋಡೆ ಮುಗಿಸಿ, ಮೆಟ್ಟಿಲುಳ್ಳ ಕೆರೆಯನ್ನೂ ಮದ್ದುಗುಂಡಿನ ಮನೆಯನ್ನೂ ನೋಡಿಕೊಂಡು, ವೀಕ್ಷಣಾ ಗೋಪುರವನ್ನು ಕೊನೆಗೆ ಏರಿ. ಅಗಲವಾದ ಇಳಿಜಾರು ದಾರಿಯಿರುವುದರಿಂದ ಹಿರಿಯರಿಗೂ ಕಷ್ಟವಿಲ್ಲ. ಉತ್ತರಕ್ಕೆ ಕೋಟಿಕುಳಂ, ಉದುಮದ ಕಡೆಯೂ ದಕ್ಷಿಣಕ್ಕೆ ಕಾಞಂಗಾಡಿನ ಕಡೆಯೂ ತೆಂಗಿನ ತಲೆಗಳ ಮೇಲೆ ಕಣ್ಣು ಹರಿಯುತ್ತದೆ. ಸುತ್ತಿನ ಕೊನೆಗೆ ಏರಿದ್ದರಿಂದ ಕೆಳಗಿನ ಪ್ರತಿಯೊಂದು ಗೋಡೆಯೂ ತಿರುವೂ ಈಗ ಗುರುತು ಸಿಗುತ್ತದೆ. ಮೊದಲೇ ಏರಿದವರಿಗೆ ಅದು ಬರಿಯ ನೋಟವಾಗಿರುತ್ತದೆ.

ಮೂರನೆಯ ಹಂತ: ಊರಿನ ದಾರಿ

ಒಂಬತ್ತೂವರೆಯ ಹೊತ್ತಿಗೆ ಕೋಟೆಯಿಂದ ಹೊರಬಂದು ರಸ್ತೆಯಲ್ಲಿ ದಕ್ಷಿಣಕ್ಕೆ, ಪಳ್ಳಿಕ್ಕೆರೆಯತ್ತ ತಿರುಗಿ. ಈ ಭಾಗ ಚಿಕ್ಕದು. ರಸ್ತೆಯ ಬದಿಯಲ್ಲಿ ನಡೆಯಬೇಕಾದಲ್ಲಿ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಾಗಿ ಸಾಗಬೇಕು. ದಾರಿಬದಿಯಲ್ಲಿ ಬೊಂಡ (ಎಳನೀರು) ಸಿಕ್ಕಿದರೆ ಕುಡಿಯಿರಿ. ಉಪ್ಪುಗಾಳಿಯಲ್ಲಿ ಬೆವರಿದ ಮೈಗೆ ಅದಕ್ಕೆ ಸಮನಾದುದಿಲ್ಲ. ತೆಂಗಿನ ಮರದ ನೆರಳು ಹಿತವೆನಿಸಿದರೂ ಕಾಯಿ ಕೊಯ್ಯದ ಮರದ ನೇರ ಕೆಳಗೆ ಕೂರುವುದು ಬೇಡ.

ಕಾಲಿನಲ್ಲಿ ಇನ್ನೂ ಶಕ್ತಿಯಿದೆ ಎನಿಸಿದವರು ಹಿಂದಿರುಗುವ ಮೊದಲು ಉತ್ತರಕ್ಕೆ ಬಸ್ಸು ಹಿಡಿದು ತೃಕ್ಕನ್ನಾಡಿನ ತ್ರ್ಯಂಬಕೇಶ್ವರ ದೇವಸ್ಥಾನಕ್ಕೆ ಹೋಗಿ ಬರಬಹುದು. ಗುಡಿಯ ಎದುರಿಗೆ ರಸ್ತೆ, ರಸ್ತೆಯಾಚೆ ಕಡಲು. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯಂದು ಪಿತೃಗಳಿಗೆ ಬಲಿಯಿಡಲು ಅಲ್ಲಿಗೆ ಬಹಳ ಜನ ಬರುತ್ತಾರೆ. ಆ ದಿನವಂತೂ ನಡಿಗೆಯ ಋತುವೂ ಅಲ್ಲ. ಉಳಿದವರು ಪಳ್ಳಿಕ್ಕೆರೆ ತಲುಪಿದ ಮೇಲೆ ಒಮ್ಮೆ ದಡದತ್ತ ಹೋಗಿ ನೋಡಿ. ಬೆಳಿಗ್ಗೆ ನಡೆದ ಗಟ್ಟಿ ಮರಳಿನ ಪಟ್ಟಿಯನ್ನು ಉಬ್ಬರ ಆಗಲೇ ಮುಚ್ಚತೊಡಗಿರುತ್ತದೆ.